ಸರಳಾಳನ್ನು ತವರಿಗೆ ಕಳಿಸಿದವನು

ಅವನು ಬದುಕಿದ್ದು ಇದನ್ನು ಓದಿದ್ದರೆ, "ಇಷ್ಟುದ್ದ ಬಲೂನಿಗೆ ಹಿಡಿಸಲ್ಲ ಕಣೋ, ಅರ್ಧ ಹೊಡೆದುಹಾಕು" ಎನ್ನುತ್ತಿದ್ದ. ಎದುರಿಗೆ ಯಾರೇ ಮಾತಾಡಲಿ, ಅವರ ತಲೆಯ ಮೇಲೆ, ಕಾಮಿಕ್ಸಿನಲ್ಲಿ ಮಾತು ಬರೆಯುವಂಥ ಬಲೂನೊಂದು ತೇಲುತ್ತಿದೆ ಅಂತಲೇ ಅವನ ಲೆಕ್ಕ. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಸುಮಾರು ಹೊತ್ತು ಕೊರೆದರು. ಹೊರಗೆ ಬಂದವನೇ, "ಇಷ್ಟಕ್ಕೂ ಆ ಮನುಷ್ಯ ಹೇಳಿದ್ದು 'ನಾಳೆ ಬಾ' ಅಂತ. ಮೂರಕ್ಷರ. ಅದಕ್ಕೆ ಇಷ್ಟು ಗಾಳಿ ಬೇಕಿತ್ತೇನೋ?" ಎಂದ.

ಹೋದ ತಿಂಗಳು ತೀರಿಕೊಂಡ. ಹೆಸರು ಹೇಳುವುದಿಲ್ಲ. ಪತ್ರಿಕೆಯಲ್ಲಿ ಅಷ್ಟು ವರ್ಷ ಬರೆದರೂ ಒಂದು ದಿನವೂ ತನ್ನ ಹೆಸರು ಹಾಕಿಸಿಕೊಳ್ಳದ ಆಸಾಮಿ. ಈಗ ನಾನು ಹಾಕಿದರೆ ಎಲ್ಲಿದ್ದರೂ ಬೈಯುತ್ತಾನೆ.

ನಾವಿಬ್ಬರೂ ಬಸವನಗುಡಿಯ ಒಂದು ವಾರಪತ್ರಿಕೆಯಲ್ಲಿದ್ದೆವು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಕೊನೆಯ ಎರಡು ಪುಟ ವಿದೇಶದಿಂದ ಬರುತ್ತಿದ್ದ ಚಿತ್ರಕಥೆಗೆ ಮೀಸಲು. ಹಗಲಲ್ಲಿ ಊರಿನ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವ ಸಾಧು ಮನುಷ್ಯ, ರಾತ್ರಿಯಾದರೆ ಮುಖವಾಡ ಹಾಕಿಕೊಂಡು ಕೇಡಿಗರನ್ನು ಬಡಿಯುವವನು, ಅದರ ನಾಯಕ. ನಮ್ಮವನು ಅವನಿಗಿಟ್ಟ ಹೆಸರು ಇರುಳರಾಯ. ಇಂಗ್ಲಿಷ್ ಮಾತುಗಳನ್ನು ಅವನು ಕನ್ನಡಕ್ಕೆ ತರುತ್ತಿದ್ದ. ಬಲೂನುಗಳೊಳಗಿನ ಇಂಗ್ಲಿಷನ್ನು ಬಿಳಿ ಬಣ್ಣದಿಂದ ಮುಚ್ಚಿ, ಕಪ್ಪು ಶಾಯಿಯಲ್ಲಿ ಕನ್ನಡ ಅಕ್ಷರ ಬರೆಯುವುದು ನನ್ನ ಕೆಲಸ. ಇಂಗ್ಲಿಷ್ ಅಕ್ಷರ ಶಿಸ್ತಾಗಿ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎಲ್ಲ ಕಡೆ ಕೈಕಾಲು. ಆ ಪುಟ್ಟ ಬಲೂನಿನೊಳಗೆ ತುರುಕಲು ಹೋದರೆ ಮೂತಿ ಹೊರಗೆ ಬರುತ್ತಿತ್ತು. ಹಾಗಾಗಿ ಅವನು ಒತ್ತು ಕಡಿಮೆಯಿರುವ ಮಾತುಗಳನ್ನೇ ಹುಡುಕಿ ಕೊಡುತ್ತಿದ್ದ. ನನ್ನ ಮೇಲಿನ ಕರುಣೆಯಿಂದ ಅಂತ ಹೇಳಿಕೊಳ್ಳುತ್ತಿದ್ದ, ನಾನು ನಂಬುತ್ತಿರಲಿಲ್ಲ.

ಅವನದು ಚಿಕ್ಕಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತರ ಮನೆತನ. ಗಲ್ಲಾದಲ್ಲಿ ಕೂರಬೇಕಾದವನು ಕಾಮಿಕ್ಸ್ ಹುಚ್ಚಿಗೆ ಬಿದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತ. ಭಾನುವಾರ ಅಲ್ಲಿ ಹಳೇ ಪುಸ್ತಕ ಹರಡುತ್ತಿದ್ದವರಿಗೆಲ್ಲ ಅವನ ಪರಿಚಯ. ಕೊನೆಯ ಹಾಳೆ ಹರಿದುಹೋದ ಕಾಮಿಕ್ಸನ್ನೇ ಬೇಕೆಂದು ಕೊಳ್ಳುತ್ತಿದ್ದ. ಅಗ್ಗವೂ ಹೌದು, ಕಡೆಗೇನಾಯಿತು ಅಂತ ತಾನೇ ಹೇಳಿಕೊಳ್ಳಬಹುದು. "ಬೊಂಬೆಗೆ ಬಾಯಿ ಕೊಡೋ ಕೆಲಸಕ್ಕೆ ಸೇರ್ಕೊಂಡ" ಅಂತ ಅವರ ದೊಡ್ಡಪ್ಪ ಸಾಯುವವರೆಗೂ ಹಂಗಿಸಿದರು.

ಅವನಿಗೆ ಕಾಮಿಕ್ಸ್ ಯಾಕೆ ಅಷ್ಟು ಇಷ್ಟ ಅಂತ ಒಮ್ಮೆ ಕೇಳಿದ್ದೆ. ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದ. "ನೋಡು. ಈ ಚೌಕದಲ್ಲಿ ಇರುಳರಾಯ ಕೈ ಎತ್ತಿದಾನೆ. ಈ ಚೌಕದಲ್ಲಿ ಕಳ್ಳ ಕೆಳಗೆ ಬಿದ್ದಿದಾನೆ. ಹೊಡೆದಿದ್ದೆಲ್ಲಿ? ಈ ಬಿಳೀ ಜಾಗದಲ್ಲಿ. ಹೊಡೆದಿದ್ಯಾರು? ನಾನು, ನೀನು. ಎಷ್ಟು ಜೋರಾಗಿ ಹೊಡೀಬೇಕು ಅನ್ನೋದು ನಮ್ಮಿಷ್ಟ." ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಇರುಳರಾಯನಿಗೊಬ್ಬ ಗೆಳತಿಯಿದ್ದಳು, ಶಾಲೆಯ ಟೀಚರು. ಮೂಲದಲ್ಲಿ ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿರುತ್ತಾರೆ. ನಮ್ಮ ಸಂಪಾದಕರು ಹೌಹಾರಿಬಿಟ್ಟರು. "ರೀ, ಹೆಂಗಸ್ರು ಮಕ್ಕಳು ಓದೋ ಪತ್ರಿಕೆ ಇದು. ಮೊದ್ಲು ಅವರಿಬ್ಬರಿಗೆ ಮದುವೆ ಮಾಡಿಸ್ರೀ!" ಒಂದು ಚೌಕದ ಕೆಳಗೆ 'ಶುಭಮುಹೂರ್ತದಲ್ಲಿ ಇಬ್ಬರೂ ಸತಿಪತಿಗಳಾದರು' ಅಂತ ನಾನು ಬರೆದೆ, ಮದುವೆ ಮುಗಿಯಿತು. ಹುಡುಗಿಗೆ ಸರಳಾ ಅಂತ ಹೆಸರಿಟ್ಟೆವು. ವಾರಪತ್ರಿಕೆಯ ಓದುಗರು ಇರುಳರಾಯನಿಗಿಂತ ಅವಳನ್ನೇ ಹಚ್ಚಿಕೊಂಡರು. ಅವರಲ್ಲಿ ನಮ್ಮವನ ಹೆಂಡತಿಯೂ ಒಬ್ಬಳು.

ಆಕೆಗೆ ಕಾಯಿಲೆ ಕಾಣಿಸಿಕೊಂಡು ಆಸ್ಪತ್ರೆ ಸೇರಿದ ಮೇಲೂ ಪ್ರತಿ ವಾರ ಆ ಎರಡು ಪುಟ ತಪ್ಪದೆ ಬೇಕು. ಅಚ್ಚಾಗುವ ಮೊದಲೇ ಅವನು ಒಯ್ದು ತೋರಿಸುತ್ತಿದ್ದ. ಆಕೆ ದಿಂಬಿಗೊರಗಿ ಓದಿ, ನನ್ನ ಅಕ್ಷರ ಸೊಟ್ಟಗಾಗಿದ್ದರೆ ಅದನ್ನೂ ಹೇಳಿ ಕಳಿಸುತ್ತಿದ್ದಳು. ಆಗಲೇ ವಿದೇಶದಿಂದ ಆ ಕಂತು ಬಂತು. ಸರಳಾಳ ಶಾಲೆಗೆ ಬೆಂಕಿ ಬೀಳುತ್ತದೆ. ಮಕ್ಕಳನ್ನು ಕರೆತರಲು ಅವಳು ಒಳಗೆ ಓಡುತ್ತಾಳೆ. ಮುಂದಿನ ಚೌಕದಲ್ಲಿ ಬರೀ ಹೊಗೆ. ಅದರ ಮುಂದಿನದು ಅರ್ಧ ಪುಟದ ದೊಡ್ಡ ಚಿತ್ರ: ಮಳೆ, ಕಪ್ಪು ಕೊಡೆ ಹಿಡಿದು ತಲೆತಗ್ಗಿಸಿ ನಿಂತ ಜನ, ನಡುವೆ ಶವದ ಪೆಟ್ಟಿಗೆ.

ಅವನು ಆ ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ.

"ಇವಳು ಸತ್ತಿಲ್ಲ. ತವರಿಗೆ ಹೋದಳು ಅಂತ ಬರಿ" ಎಂದ.

"ಏನಯ್ಯಾ, ತಲೆ ಕೆಟ್ಟಿದ್ಯಾ? ಪೆಟ್ಟಿಗೆ ಕಾಣ್ತಾ ಇದೆ!"

"ಸತ್ತಳು ಅನ್ನೋಕೆ ಬಲೂನಲ್ಲಿ ಜಾಗ ಇಲ್ಲ ಕಣೋ. ಒತ್ತು ಬರುತ್ತೆ."

"ತವರಿಗೆ ಹೋದಳು ಅನ್ನೋಕೆ ಅದರ ಎರಡರಷ್ಟು ಜಾಗ ಬೇಕು!"

ಅವನು ನಗಲಿಲ್ಲ. "ಅವಳಿಗೆ ಇದನ್ನ ಹೇಗೋ ತೋರಿಸ್ಲಿ?" ಎಂದ. ಸರಳಾಳ ಬಗ್ಗೆ ಅಲ್ಲ ಅವನು ಹೇಳುತ್ತಿದ್ದುದು. ನಾನು ಕುಂಚ ತೆಗೆದುಕೊಂಡೆ. ಪೆಟ್ಟಿಗೆಗೆ ಎರಡು ಹಿಡಿಕೆ, ಒಂದು ಬೀಗ ಬರೆದೆ, ಟ್ರಂಕಾಯಿತು. ಹಿಂದಿದ್ದ ಗೋರಿಕಲ್ಲುಗಳ ಮೇಲೆ ಬಣ್ಣ ಬಳಿದು ರೈಲಿನ ಕಿಟಕಿಗಳನ್ನು ಮಾಡಿದೆ. ಕೊಡೆ ಹಿಡಿದು ಅಳುತ್ತಿದ್ದವರೆಲ್ಲ ಸರಳಾಳನ್ನು ರೈಲು ಹತ್ತಿಸಲು ಬಂದ ನೆಂಟರಾದರು.

ಆಸ್ಪತ್ರೆಯಲ್ಲಿ ಆಕೆ ಅದನ್ನು ಓದಿ, "ಪಾಪ, ಇಷ್ಟು ದಿನ ಆದ್ಮೇಲೆ ತವರು ನೆನಪಾಯ್ತು ಇವಳಿಗೆ. ಯಾವೂರಂತೆ?" ಎಂದು ಕೇಳಿದಳಂತೆ. ಇವನು, "ನಿಮ್ಮೂರೇ, ತಿಪಟೂರು" ಎಂದನಂತೆ. ಮುಂದಿನ ವಾರ ಇರುಳರಾಯ ಕತ್ತಲ ಗಲ್ಲಿಯಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತ, 'ತಿಪಟೂರಿನಿಂದ ಕಾಗದ ಬಂತೋ ಏನೋ' ಅಂತ ಯೋಚಿಸಿದ. ತಿಪಟೂರಿನ ಓದುಗರಿಗೆ ಆನಂದವೋ ಆನಂದ. ಅದೇ ತಿಂಗಳು ಆಕೆ ಹೋಗಿಬಿಟ್ಟಳು.

ಅವರಿಗೊಬ್ಬಳೇ ಮಗಳು, ಇನ್ನೂ ಸ್ಕೂಲಿಗೆ ಸೇರಿರದ ಪುಟ್ಟ ಹುಡುಗಿ. ಆವತ್ತು ಬೆಳಿಗ್ಗೆ ಮನೆಯ ಹೆಂಗಸರು ಅವಳ ತಲೆ ಬಾಚಿ, ಹೊಸ ಲಂಗ ಹಾಕಿ, ಮಲ್ಲೇಶ್ವರದ ಅತ್ತೆಯ ಮನೆಗೆ ಕಳಿಸಿದರು. ಎಲ್ಲ ಮುಗಿದ ಮೇಲೆ ಕರೆತಂದರು. ಅಮ್ಮ ಎಲ್ಲಿ ಅಂದಾಗ, ಊರಿಗೆ ಹೋಗಿದ್ದಾಳೆ, ತಿಪಟೂರಿಗೆ, ಅಂದರು. ಮಕ್ಕಳಿಗೆ ಹಾಗೆ ಹೇಳುವುದು ನಮ್ಮಲ್ಲಿ ಹೊಸತೇನಲ್ಲ. ಆದರೆ ಈ ಹುಡುಗಿಗೆ ಅಕ್ಷರ ಬಂದದ್ದೇ ಅಪ್ಪನ ಎರಡು ಪುಟಗಳಿಂದ. ಕೂಡಿಸಿ ಕೂಡಿಸಿ ಓದಿ ಅವಳು ತನ್ನದೇ ಒಂದು ನಂಟು ಹಾಕಿಕೊಂಡಳು: ಸರಳಾನೂ ತಿಪಟೂರಿಗೆ ಹೋಗಿದ್ದಾಳೆ, ಅಮ್ಮನೂ ತಿಪಟೂರಿಗೆ ಹೋಗಿದ್ದಾಳೆ, ಸರಳಾ ಬಂದ ವಾರ ಅಮ್ಮನೂ ಬರುತ್ತಾಳೆ. ಆಫೀಸಿಗೆ ಬಂದಾಗ ನನ್ನ ಮೇಜಿಗೆ ಗದ್ದ ಊರಿ, "ಅಂಕಲ್, ಈ ವಾರ ಬರ್ತಾಳಾ?" ಎಂದು ಕೇಳುತ್ತಿದ್ದಳು. ನಾನು ಅವಳ ಅಪ್ಪನ ಮುಖ ನೋಡುತ್ತಿದ್ದೆ. ಅವನು ಕಿಟಕಿ ನೋಡುತ್ತಿದ್ದ.

ಸರಳಾ ಎಲ್ಲಿಂದ ಬರಬೇಕು? ಮೂಲದವರು ಮತ್ತೆಂದೂ ಅವಳನ್ನು ಬರೆಯಲಿಲ್ಲ. ಹಾಗಂತ ನಮ್ಮವನು ಬಿಟ್ಟನೇ? ಇರುಳರಾಯ ಗೋಡೆ ಹತ್ತುವಾಗ, ಸೇತುವೆಯಿಂದ ನೇತಾಡುವಾಗ, ಗುಂಡಿನ ಸುರಿಮಳೆಯಲ್ಲೂ ಅವಳ ಸುದ್ದಿ. 'ಸರಳಾಳ ತಾಯಿಗೆ ಮೊಣಕಾಲು ನೋವಂತೆ.' 'ಸರಳಾ ಹಬ್ಬಕ್ಕೂ ಬರಲಿಲ್ಲ.' ನಾನು ಬರೆಯುತ್ತ ಬರೆಯುತ್ತ ರೇಗುತ್ತಿದ್ದೆ. "ಲೋ, ಇವನೇನು ಕೇಡಿಗರ ಜತೆ ಹೊಡೆದಾಡ್ತಾನೋ, ಅತ್ತೆ ಮನೆ ಹರಟೆ ಹೊಡೀತಾನೋ?" ಪತ್ರಿಕೆ ಮುಚ್ಚುವವರೆಗೂ ಸರಳಾ ತಿಪಟೂರಿನಲ್ಲೇ ಇದ್ದಳು. ಅಷ್ಟರಲ್ಲಿ ಹುಡುಗಿ ಕೇಳುವುದನ್ನು ನಿಲ್ಲಿಸಿದ್ದಳು. ಒಂದು ದಿನ ಗೋಡೆಯ ಮೇಲಿನ ಅಮ್ಮನ ಫೋಟೋಗೆ ಗಂಧದ ಹಾರ ಬಿತ್ತು. ಯಾರೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಪ್ಪ ಮಗಳ ನಡುವೆ ಆ ವಿಷಯ ಅಲ್ಲಿಗೇ ನಿಂತುಹೋಯಿತು.

ವಯಸ್ಸಾದ ಮೇಲೆ ಅವನ ಸಿಟ್ಟೆಲ್ಲ ಸಿನಿಮಾದವರ ಮೇಲೆ ತಿರುಗಿತು. ಕಾಮಿಕ್ಸಿನ ವೀರರೆಲ್ಲ ಒಬ್ಬೊಬ್ಬರಾಗಿ ಪರದೆಗೆ ಬರತೊಡಗಿದ್ದರು. ಒಂದನ್ನೂ ಬಿಡದೆ ನೋಡುತ್ತಿದ್ದ, ಒಂದನ್ನೂ ಬಿಡದೆ ಬೈಯುತ್ತಿದ್ದ. ಜತೆಗೆ ಹೋಗಿ ಬೈಗುಳ ಕೇಳುವ ಕರ್ಮ ನನ್ನದು. ಹೇಗಿತ್ತು ಅಂದರೆ, "ಇಂಟರ್ವಲ್ ಚೆನ್ನಾಗಿತ್ತು" ಎನ್ನುತ್ತಿದ್ದ. "ಊರು ಉಳಿಸೋಕೆ ಬಂದವನು ಅರ್ಧ ಊರು ಕೆಡವಿ ಹೋಗ್ತಾನಲ್ಲೋ, ಆ ಕಲ್ಲು ಮಣ್ಣು ಎತ್ತೋರು ಯಾರು?" "ಗ್ರಾಫಿಕ್ಸ್‌ಗೆ ಕೋಟಿ ಕೋಟಿ, ಕಥೆಗೆ ಬರ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ಅವನ ಮುಖ್ಯ ತಕರಾರು ಮಾತ್ರ ಹಳೆಯದೇ. "ಎಲ್ಲಾನೂ ತೋರಿಸಿಬಿಡ್ತಾರೆ ಕಣೋ. ಆ ಬಿಳೀ ಜಾಗಾನೂ ತುಂಬಿಬಿಟ್ರೆ ನಾನೇನು ಮಾಡ್ಲಿ ಅಲ್ಲಿ ಕೂತ್ಕೊಂಡು? ಪಾಪ್‌ಕಾರ್ನ್ ತಿನ್ಲಾ?"

ಒಂದು ಸಲ, "ಈ ಭಾಗದಲ್ಲಿ ಸತ್ತೋರು ಮುಂದಿನ ಭಾಗದಲ್ಲಿ ಎದ್ದು ಬರ್ತಾರೆ. ಸಾವಿಗೆ ಒಂದು ಮರ್ಯಾದೆ ಬೇಡ್ವಾ?" ಎಂದು ಕೂಗಾಡಿದ. "ಅದನ್ನ ನೀನು ಹೇಳ್ತೀಯಾ?" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಕಡೆಗೆ ಇರುಳರಾಯನದೂ ಸಿನಿಮಾ ಬಂತು. ಮಗಳು ಈಗ ದೊಡ್ಡವಳು, ಜಯನಗರದಲ್ಲಿ ಸಂಸಾರ, ಅವಳಿಗೂ ಎರಡನೇ ಕ್ಲಾಸಿನ ಮಗಳೊಬ್ಬಳಿದ್ದಾಳೆ. ಬೆಳೆದ ಮೇಲೆ ಅವಳು ಕಾಮಿಕ್ಸ್ ಕಡೆ ತಿರುಗಿ ನೋಡಿದವಳಲ್ಲ. ಮೂಲದ ಕಥೆ ಅವಳಿಗೆ ಗೊತ್ತೂ ಇರಲಿಲ್ಲ. ಪೋಸ್ಟರ್ ನೋಡಿ ಅಪ್ಪನಿಗೆ ಖುಷಿಯಾಗಲಿ ಅಂತ ನಾಲ್ಕು ಟಿಕೆಟ್ ತೆಗೆದುಬಿಟ್ಟಳು. "ಅಪ್ಪಾ, ನಿನ್ನ ಇರುಳರಾಯ! ಸರಳಾನೂ ಇದಾಳಂತೆ. ಅಂಕಲ್‌ನೂ ಕರ್ಕೊಂಡು ಬಾ."

ಅವತ್ತು ಸಂಜೆಯೇ ಚಾಮರಾಜಪೇಟೆಯ ನನ್ನ ಮನೆಗೆ ಬಂದ. ಕಾಫಿ ಕೊಟ್ಟರೆ ಕುಡಿಯಲಿಲ್ಲ.

"ಆ ಬೆಂಕಿ, ಆ ಮಳೆ, ಎಲ್ಲಾ ತೆಗೆದಿರ್ತಾರೆ ಕಣೋ. ಅವಳ ಕಣ್ಣೆದುರಿಗೆ ಬರುತ್ತೆ. ಕೆಮ್ಮು ಅಂತ ಹೇಳಿ ತಪ್ಪಿಸ್ಕೊಳ್ಲಾ?"

"ನೀನು ತಪ್ಪಿಸ್ಕೊಂಡ್ರೆ ಅವಳು ಒಬ್ಳೇ ನೋಡ್ತಾಳೆ. ಮೊದಲೇ ಹೇಳಿಬಿಡು, ಮುಗಿದುಹೋಗ್ಲಿ."

"ಸರಳಾ ಸತ್ತಿದ್ದು ಹೇಳಿದ್ರೆ ಅದೊಂದೇ ಹೇಳ್ದಂಗಾಗುತ್ತೇನೋ?" ಎಂದ. ನಾನು ಆರಿದ ಕಾಫಿ ಲೋಟ ಎತ್ತಿಕೊಂಡೆ. "ಹೇಳ್ತೀನಿ ಬಿಡು" ಅಂತ ಎದ್ದು ಹೋದ. ಹೇಳಲಿಲ್ಲ.

ಸಂಪಿಗೆ ರಸ್ತೆಯ ಮಾಲಿನಲ್ಲಿ ಸಿನಿಮಾ. ಮೊಮ್ಮಗಳು ತಾತನ ಪಕ್ಕ, ಆಚೆ ಮಗಳು, ಈಚೆ ನಾನು. ಬೆಂಕಿ ಬಿತ್ತು. ಸರಳಾ ಒಳಗೆ ಓಡಿದಳು. ನಮ್ಮ ಪುಟದಲ್ಲಿ ಹೊಗೆಯ ಒಂದೇ ಒಂದು ಚೌಕವಿದ್ದ ಕಡೆ ಸಿನಿಮಾದವರು ಏನೇನೂ ಬಿಡದೆ ತೋರಿಸಿದರು. ಅವಳು ಹೇಗೆ ಕೆಮ್ಮಿದಳು, ಹೇಗೆ ಬಿದ್ದಳು, ಕೈ ಹೇಗೆ ಸ್ತಬ್ಧವಾಯಿತು, ಎಲ್ಲ. ಆಮೇಲೆ ಪರದೆಯ ತುಂಬ ಮಳೆ. ಕಪ್ಪು ಕೊಡೆಗಳು, ತಲೆತಗ್ಗಿಸಿದ ಜನ, ನಡುವೆ ಪೆಟ್ಟಿಗೆ. ಒಂದು ಗೆರೆಯೂ ಆಚೀಚೆಯಾಗದೆ ಆ ಹಳೇ ಚಿತ್ರವೇ. ಮೂಲ ಓದಿದ್ದ ಹುಡುಗರು ಗುರುತು ಹಿಡಿದು ಚಪ್ಪಾಳೆ ಹೊಡೆದರು. ಒಬ್ಬ ಶಿಳ್ಳೆ ಹಾಕಿದ.

ಪುಟಾಣಿ ತಾತನ ತೋಳು ಎಳೆದು ಕೇಳಿತು. "ತಾತ, ಆ ಮಿಸ್ಸು ಸತ್ತೋದ್ರಾ?"

ಅವನು ಪರದೆಯಿಂದ ಕಣ್ಣು ತೆಗೆಯದೆ, ಅಭ್ಯಾಸಬಲದಿಂದ ಹೇಳಿಬಿಟ್ಟ. "ಇಲ್ಲ ಪುಟ್ಟಿ. ಊರಿಗೆ ಹೋಗ್ತಿದಾರೆ."

ಮಗಳು ತಿರುಗಿ ಅಪ್ಪನನ್ನು ನೋಡಿದಳು. ಆಮೇಲೆ ಅವಳು ಸಿನಿಮಾ ನೋಡಲಿಲ್ಲ, ಮುಗಿಯುವವರೆಗೂ ಅವನನ್ನೇ ನೋಡುತ್ತ ಕೂತಳು.

ಹೊರಗೆ ಬಂದು ಹೂವಿನವರ ಸಾಲು ದಾಟಿದ ಮೇಲೆ ನಿಂತಳು. ನಾನು ಮಗುವಿನ ಕೈಹಿಡಿದು ಸ್ವಲ್ಪ ದೂರ ಕರೆದುಕೊಂಡೆ. ಆದರೂ ಎಲ್ಲ ಕೇಳುತ್ತಿತ್ತು.

"ಅದು ಟ್ರಂಕಾಗಿತ್ತಲ್ಲ ಅಪ್ಪ" ಎಂದಳು. "ದಿಂಬಿನ ಕೆಳಗಿಟ್ಕೊಂಡು ದಿನಾ ನೋಡ್ತಿದ್ದೆ ಆ ಚಿತ್ರ. ಅದ್ರಲ್ಲಿ ಟ್ರಂಕಿತ್ತು, ರೈಲಿತ್ತು."

"ನೀನಿನ್ನೂ ಮಗು ಕಣಮ್ಮ ಆಗ…"

"ನಮ್ಮಮ್ಮನ್ನೂ ಹಂಗೇ ರೈಲು ಹತ್ತಿಸಿದ್ರಿ ಎಲ್ಲಾರೂ ಸೇರ್ಕೊಂಡು. ಹೊಸ ಲಂಗ ಹಾಕಿ ಕಳ್ಸಿದ್ರಿ ನನ್ನ. ನಾನಲ್ಲಿ ಕುಂಟೆಬಿಲ್ಲೆ ಆಡ್ತಿದ್ದೆ ಗೊತ್ತಾ, ಆ ಹೊತ್ತಲ್ಲಿ? ನಗ್ತಾ ಇದ್ದೆ."

"ನೋಡಿದ್ರೆ ಅತ್ತುಬಿಡ್ತಿದ್ದೆ ನೀನು."

"ಅಳ್ಬೇಕಿತ್ತು ನಾನು! ಅಮ್ಮ ಸತ್ರೆ ಮಕ್ಕಳು ಅಳ್ತಾರಪ್ಪ. ನಾನು ಯಾವತ್ತು ಅಳ್ಲಿ ಹೇಳು? ಹಾರ ಹಾಕಿದ ದಿನಾನಾ? ಆಗ್ಲೇ ಎಲ್ರೂ ಅತ್ತು ಮುಗಿಸಿದ್ರಿ. ಇವತ್ತು ಇವಳಿಗೂ ಅದನ್ನೇ ಹೇಳ್ದೆ ನೀನು."

ಜೀವಮಾನವೆಲ್ಲ ಊರವರ ಬಾಯಿಗೆ ಮಾತು ಕೊಟ್ಟವನಿಗೆ ಆಗ ಒಂದಕ್ಷರ ಹೊಳೆಯಲಿಲ್ಲ. ಅವಳು ಮಗುವನ್ನು ಕರೆದುಕೊಂಡು ಆಟೋ ಹತ್ತಿದಳು. ನಾವಿಬ್ಬರು ಮುದುಕರು ಮೆಟ್ರೋದಲ್ಲಿ ಬಂದೆವು. ಯಾರೋ ಎದ್ದು ಸೀಟು ಕೊಟ್ಟರೂ ಅವನು ಕೂರಲಿಲ್ಲ.

ಕೆಲವು ದಿನ ಬಿಟ್ಟು ಬಂದು ನನ್ನ ಜಗಲಿಯ ಮೇಲೆ ಕೂತ. "ನಾನು ಮಾಡಿದ್ದು ತಪ್ಪೇನೋ?" ಅಂದ.

"ತಪ್ಪು" ಅಂದೆ. ಆ ವಯಸ್ಸಿನಲ್ಲಿ ಸಮಾಧಾನ ಹೇಳಿ ಏನು ಸಾಧಿಸಬೇಕಿತ್ತು?

"ಮಗು ಅಳುತ್ತೆ ಅಂತ ಅಲ್ಲ ಕಣೋ. ಅದು ನಾನು ಹೇಳ್ಕೊಂಡಿದ್ದು. ಅವಳ ಮುಖ ನೋಡ್ಕೊಂಡು ಆ ಮಾತು ಹೇಳೋ ಧೈರ್ಯ ನಂಗಿರ್ಲಿಲ್ಲ." "ಆ ಸಿನಿಮಾದೋರಿಗೆ ಇತ್ತು ನೋಡು. ಪೆಟ್ಟಿಗೇನ ಪೆಟ್ಟಿಗೆ ಅಂತಲೇ ತೋರಿಸಿದ್ರು." ನನಗೆ ತಿಳಿದಂತೆ ಅವನು ಸಿನಿಮಾದವರನ್ನು ಹೊಗಳಿದ್ದು ಅದೊಂದೇ ಸಲ. ಆದರೆ ಹೊಗಳುವಾಗ ಅವನ ದನಿ ಬಿದ್ದುಹೋಗಿತ್ತು. ನನಗೆ ಬೇಜಾರಾಯಿತು, ಅವನು ಬೈದಿದ್ದರೇ ಚೆನ್ನಾಗಿತ್ತು.

ಮಗಳು ಮಾತು ಬಿಡಲಿಲ್ಲ. ಔಷಧಿ ತಂದುಕೊಟ್ಟಳು, ಹಬ್ಬಕ್ಕೆ ಒಬ್ಬಟ್ಟು ಕಳಿಸಿದಳು. ಆದರೆ ಕೂತು ಹರಟುವುದು ನಿಂತುಹೋಯಿತು. ಹೇಳಬೇಕು, ಅವಳಮ್ಮ ಹೋದ ದಿನ ಏನೇನಾಯಿತು ಅಂತ ಮೊದಲಿಂದ ಕೂರಿಸಿ ಹೇಳಬೇಕು ಅಂತ ಅವನು ಪ್ರತಿ ಸಲ ಹೇಳುತ್ತಿದ್ದ. ಹೋಗುತ್ತಿದ್ದ, ಮೊಮ್ಮಗಳ ಜತೆ ಆಡಿ ಬರುತ್ತಿದ್ದ. ಒಂದು ಬೆಳಿಗ್ಗೆ ಸ್ನಾನಕ್ಕೆಂದು ಎದ್ದವನು ಬಚ್ಚಲ ಬಾಗಿಲಲ್ಲೇ ಕುಸಿದ. ಹೇಳುವುದು ಹಾಗೇ ಉಳಿಯಿತು.

ನಾನು ಹೋಗುವ ಹೊತ್ತಿಗೆ ಅವರ ಪದ್ಧತಿಯಂತೆ ಅವನನ್ನು ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ, ಅಂಗೈಯಲ್ಲಿ ಇಷ್ಟಲಿಂಗ. ಮೊಮ್ಮಗಳು ಒಳಕೋಣೆಯಲ್ಲಿದ್ದಳು. ಮಲ್ಲೇಶ್ವರದ ಅದೇ ಅತ್ತೆ, ಈಗ ಬಹಳ ಮುದುಕಿ, ಅವನ ಮಗಳ ಕಿವಿಯ ಹತ್ತಿರ ಬಾಗಿದರು. "ಮಗೂನ ಪಕ್ಕದ್ಮನೆಗೆ ಕಳ್ಸಿಬಿಡಮ್ಮ. ಹೆದರ್ಕೊಳ್ಳುತ್ತೆ. ತಾತ ಊರಿಗೆ ಹೋಗಿದಾರೆ ಅಂದ್ರಾಯ್ತು."

ಅವಳು ಉತ್ತರ ಕೊಡದೆ ಒಳಗೆ ಹೋಗಿ ಮಗುವಿನ ಕೈಹಿಡಿದು ಕರೆತಂದಳು. ಜನ ದಾರಿ ಬಿಟ್ಟರು. ಮಗು ತಾತನನ್ನು ನೋಡಿ ನಿಂತಿತು. "ತಾತ ಕೂತಿದಾರಲ್ಲಮ್ಮ?" ಎಂದಿತು.

"ಕೂರಿಸಿದಾರೆ ಪುಟ್ಟಿ."

"ಲಿಂಗೈಕ್ಯರಾದ್ರು ಅನ್ನಮ್ಮ" ಎಂದು ಯಾರೋ ಹಿರಿಯರು ಮೆಲ್ಲಗೆ ಹೇಳಿಕೊಟ್ಟರು.

ಅವಳು ಮಗುವಿನ ಎತ್ತರಕ್ಕೆ ಕೂತಳು. "ತಾತ ಸತ್ತೋಗಿದಾರೆ. ಎಲ್ಲಿಗೂ ಹೋಗಿಲ್ಲ, ಇನ್ನು ಬರೋದೂ ಇಲ್ಲ. ಮುಟ್ಟಿ ನೋಡು, ಹೆದರ್ಕೋಬೇಡ. ನಾನಿದೀನಿ."

ಮಗು ತಾತನ ಕೈ ಮುಟ್ಟಿ ತಟ್ಟನೆ ಹಿಂದಕ್ಕೆಳೆದುಕೊಂಡಿತು. "ತಣ್ಣಗಿದಾರೆ" ಎಂದಿತು. ಅಮ್ಮನ ಮುಖ ನೋಡಿತು. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿತು. ಅತ್ತೆ ಎತ್ತಿಕೊಳ್ಳಲು ಕೈ ಚಾಚಿದರು. "ಬಿಡಿ ಅತ್ತೆ, ಅಳ್ಲಿ" ಎಂದಳು. ಮಗುವನ್ನು ಎದೆಗೆ ಅವುಚಿಕೊಂಡು, ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತು, ಅವಳೂ ಗಟ್ಟಿಯಾಗಿ ಅಳತೊಡಗಿದಳು. ಅಪ್ಪನ ಮುಂದೆ ಕೂತು ಅವಳು ಕರೆಯುತ್ತಿದ್ದುದು ಅಪ್ಪಾ ಅಂತ ಅಲ್ಲ. ಅಮ್ಮಾ, ಅಮ್ಮಾ ಅಂತ.